ಆಗದೇ ಹೋದ ಮುನ್ನೂರು ಅಪಘಾತಗಳು

ತಲೆಗೆ ಹಾಕುವ ಹಳದಿ ಹೆಲ್ಮೆಟ್ಟಿಗೆ ನೂರಾ ಎಂಬತ್ತು ರೂಪಾಯಿ. ಶಾಖ ತಡೆಯುವ ಕೈಗವಸು ಜೋಡಿಗೆ ಇನ್ನೂರಾ ನಲವತ್ತು. ಬೂಟು ಏಳುನೂರು, ಅದೂ ಚೌಕಾಸಿ ಮಾಡಿದರೆ. ಬೆಂಕಿ ಆರಿಸುವ ಕೆಂಪು ಸಿಲಿಂಡರು ಎರಡು ಸಾವಿರದ ಮುನ್ನೂರು, ಅದನ್ನು ಗೋಡೆಗೆ ತೂಗುಹಾಕುವ ಕೊಕ್ಕೆ ಬೇರೆ. ಮುಖಗವಸು ಒಂದಕ್ಕೆ ಹನ್ನೆರಡು, ಆದರೆ ಹನ್ನೊಂದು ಜನರಿಗೆ ದಿನಕ್ಕೊಂದರಂತೆ ಬೇಕು. ರೂಲು ಹಾಕಿದ, ಇನ್ನೂರು ಹಾಳೆಯ, ಗಟ್ಟಿ ರಟ್ಟಿನ ಪುಸ್ತಕಕ್ಕೆ ತೊಂಬತ್ತು.

ಈ ಪಟ್ಟಿಯನ್ನು ಕುಬೇರಪ್ಪನವರು ಎರಡು ದಿನ ಕೂತು, ಸ್ಕೇಲು ಹಿಡಿದು ಗೆರೆ ಎಳೆದು ಬರೆದಿದ್ದರು. ಮಂಡಿಪೇಟೆಯ ತಮ್ಮ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತಿದ್ದ ಪಾಲಯ್ಯನವರು ಅದನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಒಮ್ಮೆ ಓದಿದರು.

"ಪುಸ್ತಕ ತಗೊಳಾಣ" ಅಂದರು.

"ಉಳಿದದ್ದು?"

"ಪುಸ್ತಕ ತುಂಬಲಿ. ಆಮೇಲೆ ನೋಡಾಣ."

ಕುಬೇರಪ್ಪನವರು ಹರಿಹರದ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಸುರಕ್ಷತೆಯ ಪಾಠಗಳನ್ನು ತಯಾರಿಸುತ್ತಿದ್ದವರು. ಏಣಿ ಹತ್ತುವುದು ಹೇಗೆ, ಭಾರ ಎತ್ತುವಾಗ ಸೊಂಟ ಬಗ್ಗಿಸಬೇಕೋ ಮೊಣಕಾಲು ಬಗ್ಗಿಸಬೇಕೋ, ಇಂಥವನ್ನೆಲ್ಲ ಚಿತ್ರ ಬರೆದು ಕಲಿಸುವುದು ಅವರ ಕೆಲಸ. ಈ ಕೆಲಸದಲ್ಲಿ ಒಂದು ಕಷ್ಟವಿದೆ. ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದಕ್ಕೆ ಯಾರೂ ಹಾರ ಹಾಕುವುದಿಲ್ಲ. ಅವರ ಹೆಂಡತಿ ಪುಷ್ಪಲತಾ ಇದನ್ನು ಇನ್ನೂ ಚುಟುಕಾಗಿ ಹೇಳುತ್ತಿದ್ದರು: "ಮೂವತ್ನಾಕು ವರ್ಷ ಆಗದೇ ಇದ್ದದ್ದಕ್ಕೆ ಸಂಬಳ ತಗೊಂಡ್ರು ನಮ್ಮ ಮನೆಯವ್ರು."

ನಿವೃತ್ತಿಯಾದ ಮೇಲೆ ಎಸ್.ಎಸ್. ಬಡಾವಣೆಯ ಮನೆಯಲ್ಲಿ ಕುಬೇರಪ್ಪನವರ ಮಾತು ಕೇಳುವವರು ಯಾರೂ ಉಳಿಯಲಿಲ್ಲ. ಗ್ಯಾಸ್ ಸಿಲಿಂಡರಿನ ಬಗ್ಗೆ ಹೇಳಹೋದರೆ ಪುಷ್ಪಲತಾ ಕರಿಬೇವು ತರಲು ಕಳಿಸುತ್ತಿದ್ದರು. ಅದಕ್ಕೇ ಅವರು 'ಸುರಕ್ಷತಾ ತರಬೇತಿ ತಜ್ಞರು' ಎಂದು ಐನೂರು ಕಾರ್ಡು ಅಚ್ಚು ಹಾಕಿಸಿದರು. ಹದಿನಾಲ್ಕು ತಿಂಗಳಲ್ಲಿ ನಾನೂರಾ ತೊಂಬತ್ತು ಕಾರ್ಡು ಖರ್ಚಾದವು. ಗಿರಾಕಿ ಸಿಕ್ಕಿದ್ದು ಒಬ್ಬರೇ, ಪಾಲಯ್ಯ.

ಪಾಲಯ್ಯನವರದು ಊರ ಹೊರಗೆ ಒಂದು ಮಂಡಕ್ಕಿ ಭಟ್ಟಿ. ಬೆಂಗಳೂರಿನ ಕುರುಕಲು ತಿಂಡಿ ಕಂಪನಿಯೊಂದು ವರ್ಷವಿಡೀ ತಿಂಗಳಿಗೆ ಇನ್ನೂರು ಚೀಲ ಮಂಡಕ್ಕಿ ಕೊಳ್ಳುತ್ತೇನೆ ಅಂದಿತ್ತು. ಒಂದೇ ಷರತ್ತು: ಕೆಲಸಗಾರರಿಗೆ ಸುರಕ್ಷತೆಯ ತರಬೇತಿ ಆಗಿರಬೇಕು, ಅದಕ್ಕೆ ದಾಖಲೆ ಇರಬೇಕು. ಮೇ ಕೊನೆಗೆ ಕಂಪನಿಯ ಅಧಿಕಾರಿ ಬಂದು ನೋಡುವುದೆಂದು ಗೊತ್ತಾಗಿತ್ತು. ಆರ್ಡರು ಸಿಕ್ಕರೆ ಮಳೆಗಾಲದಲ್ಲೂ ಭಟ್ಟಿ ಉರಿಯುತ್ತದೆ. ಇಲ್ಲವಾದರೆ ಎಂದಿನಂತೆ ಜೂನ್‌ನಿಂದ ಮೂರು ತಿಂಗಳು ಬೆಂಕಿ ಆರಿ, ಹನ್ನೊಂದು ಜನ ಮನೆಯಲ್ಲಿ ಕೂರುತ್ತಾರೆ. ಆ ಹನ್ನೊಂದರಲ್ಲಿ ಏಳು ಮಂದಿ ಹೆಂಗಸರು. ಅವರು ಮನೆಯಲ್ಲಿ ಕೂತರೆ ಒಲೆಯೂ ಕೂರುತ್ತದೆ.

ಏಪ್ರಿಲ್ ಮಧ್ಯದ ಒಂದು ದಿನ ಭಟ್ಟಿಯಂಗಳದಲ್ಲಿ ಪಾಠ ನಡೆಯಿತು. ಕುಬೇರಪ್ಪನವರು ಮನೆಯಿಂದ ತಂದ ಕಪ್ಪು ಹಲಗೆಯ ಮೇಲೆ ದೊಡ್ಡ ತ್ರಿಕೋನ ಬರೆದು, ಅಡ್ಡ ಎರಡು ಗೆರೆ ಎಳೆದರು. ತುದಿಯಲ್ಲಿ ಒಂದು, ನಡುವೆ ಇಪ್ಪತ್ತೊಂಬತ್ತು, ಬುಡದಲ್ಲಿ ಮುನ್ನೂರು ಎಂದು ಬರೆದರು.

"ಒಂದು ದೊಡ್ಡ ಅಪಘಾತದ ಹಿಂದೆ ಇಪ್ಪತ್ತೊಂಬತ್ತು ಸಣ್ಣ ಅಪಘಾತ ಇರ್ತಾವೆ. ಅದರ ಹಿಂದೆ ಮುನ್ನೂರು, ಸ್ವಲ್ಪದರಾಗೆ ತಪ್ಪಿದ್ದು ಇರ್ತಾವೆ. ಕಾಲು ಜಾರ್ತು, ಬೀಳಲಿಲ್ಲ. ಚೀಲ ಉರುಳ್ತು, ಮೈಮೇಲೆ ಬರಲಿಲ್ಲ. ಇಂಥದ್ದನ್ನ ಬರೆದಿಟ್ರೆ ದೊಡ್ಡದನ್ನ ತಡೀಬಹುದು. ಈ ಪುಸ್ತಕದಾಗೆ ಬರೆಸ್ರಿ. ಎಲ್ಲಾರಿಗಿಂತ ಹೆಚ್ಚು ಬರೆಸಿದೋರಿಗೆ ಒಂದು ಕುಕ್ಕರ್ ಬಹುಮಾನ."

ಆ ಕುಕ್ಕರನ್ನು ಕಾರ್ಖಾನೆಯವರು ನಿವೃತ್ತಿಯ ದಿನ ಕೊಟ್ಟಿದ್ದರು. ಪುಷ್ಪಲತಾ ಅದರ ಪೆಟ್ಟಿಗೆಯನ್ನೇ ಇನ್ನೂ ಬಿಚ್ಚಿರಲಿಲ್ಲ. ಅದು ಮನೆಯಿಂದ ಹೊರಟಿದ್ದೂ ಅವರಿಗೆ ತಿಳಿದಿರಲಿಲ್ಲ.

ಮಂಡಕ್ಕಿ ಜರಡಿ ಹಿಡಿಯುವ ಮಾಬೂಬೀ ಕೈ ಎತ್ತಿದಳು. "ಅಲ್ರೀ ಸಾಹೇಬ್ರೇ, ಕೆಳಗೆ ಮುನ್ನೂರು ತುಂಬಿದ್ರೆ ಮ್ಯಾಲೆ ಒಂದು ಆಗ್ತತೇನ್ರಿ?"

ಮೂವತ್ತನಾಲ್ಕು ವರ್ಷದಲ್ಲಿ ಈ ತ್ರಿಕೋನದ ಬಗ್ಗೆ ಯಾರೂ ಪ್ರಶ್ನೆ ಕೇಳಿರಲಿಲ್ಲ. ಕಾರ್ಖಾನೆಯಲ್ಲಿ ಪಾಠ ಮುಗಿಯುವ ಹೊತ್ತಿಗೆ ಸರಿಯಾಗಿ ಚಹಾ ಬಿಸ್ಕತ್ತು ಬರುತ್ತಿತ್ತು. ಪ್ರಶ್ನೆ ಬಂದ ಸಂತೋಷದಲ್ಲಿ ಕುಬೇರಪ್ಪನವರು ಅದನ್ನು ಪೂರ್ತಿ ಕೇಳಿಸಿಕೊಳ್ಳದೆ, "ಶಬ್ಬಾಸ್! ಸರಿಯಾಗಿ ಹಿಡಿದೆಯಮ್ಮ" ಅಂದರು.

ಅಲ್ಲಿಗೆ ಕೆಲಸ ಕೆಟ್ಟಿತು. ಆದರೆ ಅದು ತಿಳಿಯಲು ನಲವತ್ತು ದಿನ ಬೇಕಾಯಿತು.

ಬರೆಯುವ ಹೊಣೆ ಪರಶುರಾಮನ ಪಾಲಿಗೆ ಬಂತು. ಅವನು ಚೀಲ ತೂಗಿ ಲೆಕ್ಕ ಇಡುವವನು, ಅಕ್ಷರ ದುಂಡಗೆ. ಅಳತೆಯವರ ಪದ್ಧತಿಯಂತೆ ಅವನು ಎಣಿಕೆಯನ್ನು ಒಂದು ಎಂದು ಶುರು ಮಾಡುವುದಿಲ್ಲ, ಲಾಭ ಎನ್ನುತ್ತಾನೆ. ಆದ್ದರಿಂದ ಪುಸ್ತಕವೂ ಹಾಗೇ ಶುರುವಾಯಿತು: 'ಲಾಭ. ಮಾಬೂಬೀ ಕಾಲಿನ ಮೇಲೆ ಹೊಟ್ಟಿನ ಚೀಲ ಬೀಳುವುದಿತ್ತು, ಬೀಳಲಿಲ್ಲ. ಎರಡು. ಕಿಡಿ ಹಾರಿ ಪರಶುರಾಮನ ಲುಂಗಿಗೆ ಬರುವುದಿತ್ತು, ಗಾಳಿ ತಿರುಗಿತು.'

ಮೊದಲ ವಾರ ಪುಸ್ತಕ ಮರ್ಯಾದೆಯಿಂದಲೇ ನಡೆಯಿತು. ಆಮೇಲೆ ಕುಕ್ಕರು ಒಬ್ಬೊಬ್ಬರ ಕನಸಿನಲ್ಲಿ ಸೀಟಿ ಹಾಕತೊಡಗಿತು. 'ನಲವತ್ನಾಲ್ಕು. ಹಲ್ಲಿ ಜಂತಿಯಿಂದ ಬಿತ್ತು, ತಲೆಯ ಮೇಲಲ್ಲ. ಅರವತ್ತು. ಮಾಲೀಕರು ಬೈಯಲು ಬಂದರು, ಫೋನು ಬಂತು, ಹೊರಗೆ ಹೋದರು. ತೊಂಬತ್ತೊಂದು. ಮಾಬೂಬೀ ಮನೆಗೆ ಆರು ಜನ ನೆಂಟರು ಬರುವುದಿತ್ತು, ಹೊಸಪೇಟೆಯಲ್ಲೇ ಬಸ್ಸು ತಪ್ಪಿತು. ನೂರಾ ಮೂವತ್ತು. ಜ್ವರ ಬಂದಂತಾಯಿತು, ಬರಲಿಲ್ಲ.'

ವಾರಕ್ಕೊಮ್ಮೆ ಬರುತ್ತಿದ್ದ ಕುಬೇರಪ್ಪನವರು ಕೊನೆಯ ಅಂಕಿ ಮಾತ್ರ ನೋಡುತ್ತಿದ್ದರು. ಸಂಖ್ಯೆ ಏರಿದಷ್ಟೂ ಜಾಗೃತಿ ಏರಿತೆಂದು ಅವರ ಶಾಸ್ತ್ರ. ಮನೆಯಲ್ಲಿ ಗ್ರಾಫು ಬರೆದು ಗೋಡೆಗೆ ಅಂಟಿಸಿದರು. ಎದುರುಮನೆಯ ಕಮಲಕ್ಕ ಹಾಲಿನ ಪಾತ್ರೆ ಹಿಡಿದು ಬಂದವಳು ಅದನ್ನು ನೋಡಿ, "ಯಾರಿಗ್ರಿ ಸಕ್ಕರೆ ಕಾಯ್ಲೆ ಇಷ್ಟು ಏರೈತೆ?" ಎಂದು ಪುಷ್ಪಲತಾರನ್ನು ಮೆಲ್ಲಗೆ ಕೇಳಿದಳು.

ಮೇ ಮೂರನೆಯ ವಾರ ಎಣಿಕೆ ಇನ್ನೂರಾ ಎಪ್ಪತ್ತು ದಾಟಿತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಾಬೂಬೀ ತಟ್ಟನೆ ತುತ್ತು ನಿಲ್ಲಿಸಿದಳು.

"ಯಾ ಅಲ್ಲಾ! ಸಾಹೇಬ್ರು ಹೇಳಿದ್ದು ನೆನಪೈತೇನ್ರೇ? ಮುನ್ನೂರು ತುಂಬಿದ್ರೆ ಮ್ಯಾಲೆ ಒಂದು. ನಾನು ಕೇಳಿದ್ದಕ್ಕೆ ಶಬ್ಬಾಸ್ ಅಂದ್ರು."

ಊಟದ ಡಬ್ಬಿಗಳು ಮುಚ್ಚಿಕೊಂಡವು. ಅಂದಿನಿಂದ ತೊಟ್ಟಿ ಕೆಲಸದ ಒಬ್ಬಳನ್ನು ಬಿಟ್ಟರೆ ಯಾರೂ ಪರಶುರಾಮನ ಹತ್ತಿರ ಸುಳಿಯಲಿಲ್ಲ. ಕಾಲು ಜಾರಿದರೆ ಬಾಯಿ ಮುಚ್ಚಿಕೊಂಡರು. ಆದರೆ ಪರಶುರಾಮನಿಗೆ ಬರೆಯುವ ಚಟ ಹತ್ತಿಬಿಟ್ಟಿತ್ತು. ಮರೆಯಲ್ಲಿ ನಿಂತು ಜಾರುವವರನ್ನು ನೋಡಿ ತಾನೇ ಬರೆಯುತ್ತಿದ್ದ. ಮೇ ಇಪ್ಪತ್ತೆಂಟರ ಬೆಳಿಗ್ಗೆ ತಾನೇ ಚೀಲಕ್ಕೆ ಎಡವಿ, ಅಭ್ಯಾಸಬಲದಿಂದ ಅದನ್ನೂ ಬರೆದು, ಮುಂದೆ ಸಂಖ್ಯೆ ಹಾಕಿದ. ಹಾಕಿ ನೋಡಿದ. ಇನ್ನೂರಾ ತೊಂಬತ್ತೊಂಬತ್ತು. ಪೆನ್ನಿನ ಮುಚ್ಚಳ ಹಾಕಿ, ಪುಸ್ತಕವನ್ನು ಕಂಕುಳಲ್ಲಿ ಹಿಡಿದು, ಗೇಟಿನಿಂದ ಹೊರಗೆ ನಡೆದ. ಅವನ ಹಿಂದೆ ಹತ್ತು ಜನ ಹೊರಟರು.

ಕಂಪನಿಯ ಅಧಿಕಾರಿ ಬರುವುದು ಅಂದೇ ಮಧ್ಯಾಹ್ನವಿತ್ತು.

ಆ ಹೊತ್ತಿಗೆ ಕುಬೇರಪ್ಪನವರು ಹರಿಹರದಲ್ಲಿದ್ದರು. ಕಾರ್ಖಾನೆಯ ನಿವೃತ್ತರ ಸಂಘದ ಸಭೆಯಲ್ಲಿ ಅವರಿಗೆ ಶಾಲು ಹೊದಿಸಿ ಮೈಕು ಕೊಟ್ಟಿದ್ದರು. ಊಟವಿದೆ ಎಂದು ಪುಷ್ಪಲತಾ ಕೂಡ ಬಂದಿದ್ದರು. "ನಲವತ್ತು ದಿನಕ್ಕೆ ಮುನ್ನೂರರ ಹತ್ರ ತಂದೀನಿ. ನಮ್ಮ ಕಾರ್ಖಾನೇಲೂ ಇದು ಆಗಿದ್ದಿಲ್ಲ" ಎನ್ನುವಾಗ ಜೇಬಿನ ಫೋನು ಬಡಿದುಕೊಂಡಿತು. ಮೈಕಿನ ಪಕ್ಕದಲ್ಲೇ ಹಿಡಿದು "ಹಲೋ" ಅಂದರು. ಪಾಲಯ್ಯನವರ ದನಿ ಇಡೀ ಸಭೆಗೆ ಕೇಳಿಸಿತು.

"ಎಲ್ಲಿ ಅದೀರಿ? ನನ್ನ ಭಟ್ಟಿ ಸಿಡೀತೈತೆ ಅಂತ ಜನ ಎಲ್ಲ ರೋಡಿನಾಗೆ ನಿಂತಾರೆ! ನೀವೇ ಹೇಳೀರಂತೆ!"

"ನಾನು ಎಲ್ಲಿ ಹೇಳ್ದೆ?"

"ಬೋರ್ಡಿನ ಮ್ಯಾಲೆ ಬರೆದು ಹೇಳೀರಂತಲ್ರೀ!"

ಸಭೆಯಲ್ಲಿದ್ದವರು ಎಲೆ ಹಾಕಿಸಿಕೊಳ್ಳಲು ಎದ್ದರು. ಪುಷ್ಪಲತಾ ಊಟದ ಕಡೆ ಒಮ್ಮೆ, ಗಂಡನ ಕಡೆ ಒಮ್ಮೆ ನೋಡಿ, ನಿಟ್ಟುಸಿರುಬಿಟ್ಟು ಚಪ್ಪಲಿ ಹಾಕಿಕೊಂಡರು. ಇಬ್ಬರೂ ಸಿಕ್ಕ ಬಸ್ಸು ಹತ್ತಿದರು. ಶಾಲು ಹೊದ್ದೇ ಇದ್ದ ಕುಬೇರಪ್ಪನವರನ್ನು ಕಂಡಕ್ಟರು ಮದುಮಗನ ತಂದೆಯೆಂದು ತಿಳಿದು ಸೀಟು ಬಿಡಿಸಿಕೊಟ್ಟ.

ಭಟ್ಟಿಯ ಮುಂದೆ ಇನ್ನೂರು ಜನ ಸೇರಿದ್ದರು. ಯಾರೋ ಫೋನಿನಲ್ಲಿ ಚಿತ್ರ ತೆಗೆದು 'ಇವತ್ತು ದೊಡ್ಡ ಅನಾಹುತ, ಎಂಜಿನಿಯರು ಮೊದಲೇ ತಿಳಿಸಿದ್ದಾರೆ' ಎಂದು ಹರಿಬಿಟ್ಟಿದ್ದರು. ಅಕ್ಕಪಕ್ಕದ ಎರಡು ಭಟ್ಟಿಗಳೂ ಖಾಲಿಯಾಗಿದ್ದವು. ಚಹಾದವನು ತಳ್ಳುಗಾಡಿಯನ್ನು ಎಂಟು ಮಾರು ಹಿಂದಕ್ಕೆ ಸರಿಸಿ, ಅಲ್ಲಿಂದ ಎಂದಿಗಿಂತ ಹೆಚ್ಚು ವ್ಯಾಪಾರ ಮಾಡುತ್ತಿದ್ದ. ಪಾಲಯ್ಯನವರ ಹೆಂಡತಿಯ ತಮ್ಮ ಸಿದ್ದೇಶ್ ಕೊಕ್ಕನೂರಿನಿಂದ ಭತ್ತದ ಟ್ರ್ಯಾಕ್ಟರು ತಂದವನು ರಸ್ತೆಯ ತಿರುವಿನಲ್ಲೇ ನಿಲ್ಲಿಸಿ ಕೂತಿದ್ದ.

"ಒಳಗ ತಗೊಂಬಾರೋ!" ಎಂದು ಪಾಲಯ್ಯನವರು ಕೂಗಿದರು.

"ಆಗೋದು ಆಗಿಬಿಡ್ಲಿ ಭಾವ. ಆಮೇಲೆ ಇಳಿಸ್ತೀನಿ. ಟ್ರ್ಯಾಕ್ಟರಿಗೆ ಇನ್ನೂ ಕಂತು ಅದಾವೆ."

ಕುಬೇರಪ್ಪನವರು ಬಂದೊಡನೆ ಜನ ದಾರಿ ಬಿಟ್ಟರು. ಅವರು ಕಲ್ಲಿನ ಮೇಲೆ ನಿಂತು ಸರಾಸರಿ ಎಂದರೇನು ಎಂದು ವಿವರಿಸಿದರು. ಎಷ್ಟೋ ಕಾರ್ಖಾನೆಗಳ ಎಷ್ಟೋ ವರ್ಷಗಳ ಲೆಕ್ಕವದು, ಮುನ್ನೂರಕ್ಕೆ ಸರಿಯಾಗಿ ಗಂಟೆ ಹೊಡೆದಂತೆ ಏನೂ ಆಗುವುದಿಲ್ಲ, ಇನ್ನೂರಕ್ಕೂ ಆಗಬಹುದು, ಸಾವಿರಕ್ಕೂ ಆಗದಿರಬಹುದು ಎಂದರು. ಇದರಿಂದ ಜನರ ಭಯ ಹೆಚ್ಚಿತು. ಇಲ್ಲಿಯವರೆಗೆ ಮುನ್ನೂರಕ್ಕೆ ಮಾತ್ರ ಹೆದರಿದ್ದವರು ಈಗ ಯಾವ ಸಂಖ್ಯೆಯನ್ನೂ ನಂಬದಂತಾದರು.

ಪಾಲಯ್ಯನವರು ವ್ಯಾಪಾರಸ್ಥರು, ಉಪಾಯ ಹುಡುಕಿದರು. "ನೋಡ್ರಿ, ಮೊದಲನೇದು ಲಾಭ ಅಂತ ಬರದಾನೆ. ಲಾಭ ಅಂಬೋದು ಸಂಖ್ಯೆ ಅಲ್ಲ. ಅದನ್ನ ಬಿಟ್ರೆ ಇನ್ನೂರಾ ತೊಂಬತ್ತೆಂಟೇ. ಇನ್ನೂ ಒಂದು ಜಾಗ ಐತೆ. ನಡೀರಿ ಒಳಗೆ."

"ಅಂಗಾರೆ ಚೀಲ ಎಣಿಸುವಾಗ್ಲೂ ಲಾಭ ಬಿಟ್ಟು ಎಣಿಸಾಣೇನ್ರಿ?" ಎಂದ ಪರಶುರಾಮ. "ನೂರು ಚೀಲಕ್ಕೆ ತೊಂಬತ್ತೊಂಬತ್ತರ ದುಡ್ಡು ಇಸ್ಕೊಂತೀರಾ?"

ಪಾಲಯ್ಯನವರು ಆ ಉಪಾಯವನ್ನು ತಕ್ಷಣ ಕೈಬಿಟ್ಟರು.

"ಹಲ್ಲಿದೊಂದು ಹೊಡೆದು ಹಾಕ್ರಿ" ಎಂದಿತು ಒಂದು ದನಿ. "ಹಲ್ಲಿ ಬಿದ್ದಿದ್ದು ಖರೇನೇ, ನಾನೇ ನೋಡೀನಿ" ಎಂದಿತು ಇನ್ನೊಂದು. "ನನ್ನ ನೆಂಟರದ್ದು ಬೇಕಾರೆ ಹೊಡೀರಿ, ಅವ್ರು ಮರುದಿನ ಬಂದ್ರು" ಎಂದಳು ಮಾಬೂಬೀ. ಹಾಗಾದರೆ ಅದು ತಪ್ಪಿದ್ದಲ್ಲ, ಆದದ್ದು. ಆದ್ದರಿಂದ ಅದು ನಡುವಿನ ಇಪ್ಪತ್ತೊಂಬತ್ತರಲ್ಲಿ ಸೇರಬೇಕೋ ತುದಿಯ ಒಂದರಲ್ಲೋ ಎಂದು ಹತ್ತು ನಿಮಿಷ ಚರ್ಚೆಯಾಯಿತು. ಆರು ಜನ ಮೂರು ದಿನ ಉಂಡಿದ್ದರಿಂದ ತುದಿಗೇ ಸೇರಬೇಕೆಂದು ಮಾಬೂಬೀಯ ವಾದ.

ಆಗ ಮುಂದೆ ಬಂದವಳು ಹೊನ್ನಕ್ಕ. ಐವತ್ತು ದಾಟಿದವಳು, ಭತ್ತ ನೆನೆಸುವ ತೊಟ್ಟಿಯ ಕೆಲಸದವಳು, ಮಾತು ಕಡಿಮೆ. "ಸಾಹೇಬ್ರೇ, ಏನೂ ಆಗಲ್ಲ ಅಂತೀರಿ. ಮುನ್ನೂರನೇದು ನೀವೇ ಬರೆದು ಬಿಡ್ರಿ. ನಾವು ಒಳಗ ಹೋಗ್ತೀವಿ."

ಪರಶುರಾಮ ಪುಸ್ತಕ ಬಿಚ್ಚಿ ಕೊಟ್ಟ. ಕುಬೇರಪ್ಪನವರು ಪೆನ್ನು ಹಿಡಿದರು. ಮೂವತ್ತನಾಲ್ಕು ವರ್ಷದ ಅನುಭವ, ಹೆಗಲಿಗೆ ಶಾಲು. ಕೈ ಕಾಗದದಿಂದ ಒಂದಂಗುಲ ಮೇಲೆ ನಿಂತುಬಿಟ್ಟಿತು. ಸಂಖ್ಯೆ ಬರೆಯಲು ಎರಡು ಸಲ ಹೋಗಿ ಎರಡು ಸಲ ಹಿಂದೆ ಬಂತು. ಹಣೆಯ ಬೆವರು ಶಾಲಿನಿಂದ ಒರೆಸಿಕೊಂಡು, "ಕನ್ನಡಕ ತಂದಿಲ್ಲ" ಅಂದರು.

"ಮೂಗಿನ ಮ್ಯಾಲೇ ಐತಲ್ರಿ" ಅಂದರು ಪುಷ್ಪಲತಾ.

ಅಷ್ಟರಲ್ಲಿ ಬಿಳಿ ಕಾರು ಬಂತು. ಇಳಿದವರು ಕಂಪನಿಯ ಅಧಿಕಾರಿ ಗಿರೀಶ. ಮಿರುಗುವ ಬೂಟು, ಕೈಯಲ್ಲಿ ದೊಡ್ಡ ಫೋನು. ಇಷ್ಟು ಜನ ತಮ್ಮ ಸ್ವಾಗತಕ್ಕೆ ನಿಂತಿದ್ದಾರೆಂದು ಮೊದಲು ಕೈಮುಗಿದರು. ಆಮೇಲೆ ಪುಸ್ತಕ ತೆಗೆದುಕೊಂಡು ಕೊನೆಯ ಪುಟ ನೋಡಿದರು.

"ನಲವತ್ತು ದಿನದಲ್ಲಿ ಇನ್ನೂರಾ ತೊಂಬತ್ತೊಂಬತ್ತು ಅಪಘಾತಾನಾ?"

"ಒಂದೂ ಆಗಿಲ್ಲ ಸಾರ್!" ಪಾಲಯ್ಯನವರು ಎದೆ ಮುಟ್ಟಿಕೊಂಡರು.

"ಮತ್ತೆ ಇದೇನು?"

"ಆಗದೇ ಇದ್ದದ್ದು ಸಾರ್."

"ಆಗದೇ ಇದ್ದದ್ದನ್ನ ಯಾಕೆ ಬರೆದ್ರಿ?"

"ಆಗಬಾರದು ಅಂತ."

"ಹಾಗಾದ್ರೆ ಜನ ಯಾಕೆ ಹೊರಗಿದ್ದಾರೆ?"

"ಈಗ ಆಗುತ್ತೆ ಅಂತ."

ಗಿರೀಶರು ಕಾರಿನ ಕಡೆ ಒಮ್ಮೆ ನೋಡಿದರು. ಪಾಲಯ್ಯನವರ ಮುಖ ಮಂಡಕ್ಕಿಯಂತೆ ಬಿಳುಪೇರಿತು. ಆರ್ಡರು ಆ ಕಾರಿನ ಬಾಗಿಲವರೆಗೆ ಹೋಗಿತ್ತು. ಜೂನ್ ತಿಂಗಳಿಗೆ ಮೂರೇ ದಿನವಿತ್ತು.

ಆದರೆ ಗಿರೀಶರಿಗೆ ಓದುವ ಅಭ್ಯಾಸವಿತ್ತು. ಕಾರಿಗೆ ಒರಗಿ, ರಟ್ಟಿನ ಮೇಲೆ ಬರೆದಿದ್ದ ಕುಕ್ಕರು ಬಹುಮಾನದ ಸಾಲು ನೋಡಿ, ಮೊದಲ ಪುಟದಿಂದ ಓದತೊಡಗಿದರು. ಹಲ್ಲಿಯ ಹತ್ತಿರ ನಕ್ಕರು, ನೆಂಟರ ಹತ್ತಿರ ಜೋರಾಗಿ ನಕ್ಕರು. ಓದುತ್ತ ಓದುತ್ತ ನಗು ನಿಂತಿತು. ಪುಟ ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು, ಬೆರಳಿನಿಂದ ಎಣಿಸಿದರು.

"ಹೊನ್ನಕ್ಕ ಯಾರು?"

"ನಾನ್ರಿ."

"ಹಲಗೆ ಅಲುಗಿತು, ಬೀಳಲಿಲ್ಲ. ಹಲಗೆ ಅಲುಗಿತು, ಬೀಳಲಿಲ್ಲ. ಮೂವತ್ತೆಂಟು ಸಲ ಇದೇ ಬರೆಸಿದ್ದೀರಲ್ಲ, ಕುಕ್ಕರಿಗಾ?"

"ಕುಕ್ಕರ್ ತಗೊಂಡು ಏನ್ ಮಾಡ್ಲಿ? ದಿನಾ ಅಲುಗ್ತತ್ರಿ, ದಿನಾ ಬರೆಸೀನಿ. ಎರಡು ದಿನ ರಜಾ ಹಾಕಿದ್ದೆ. ಆವತ್ತು ಬರೆಸಿಲ್ಲ."

ಕುಬೇರಪ್ಪನವರು ಪುಸ್ತಕದ ಕಡೆ ಕೈ ಚಾಚಿದರು. ಕೊನೆಯ ಅಂಕಿಯ ಹೊರತು ಅದರಲ್ಲಿ ಏನಿದೆಯೆಂದು ಅವರು ನೋಡುತ್ತಿದ್ದುದು ಅದೇ ಮೊದಲು.

"ಯಾವ ಹಲಗೆ, ತೋರಿಸಿ" ಎಂದು ಗಿರೀಶರು ಒಳಗೆ ನಡೆದರು. ಯಾರೂ ತಡೆಯಲಿಲ್ಲ, ತಡೆಯಲು ಯಾರೂ ಒಳಗಿರಲಿಲ್ಲ. ಹೊನ್ನಕ್ಕ ಹಿಂದೆ ಹೋದಳು. ಅವಳ ಹಿಂದೆ, ಪುಷ್ಪಲತಾ ಬೆನ್ನಿಗೆ ಕೈ ಹಾಕಿ ತಳ್ಳಿದ್ದರಿಂದ, ಪುಸ್ತಕ ಪೆನ್ನು ಪರಶುರಾಮನ ಕೈಗಿಟ್ಟು ಕುಬೇರಪ್ಪನವರೂ ಹೋದರು. ಉಳಿದವರು ಬಾಗಿಲ ಬಳಿ ಕತ್ತು ಚಾಚಿದರು.

ಭತ್ತ ನೆನೆಸುವ ಬಿಸಿನೀರಿನ ತೊಟ್ಟಿ, ಎದೆಯುದ್ದ ಆಳ. ಮೇಲೆ ಅಡ್ಡಲಾಗಿ ಒಂದು ಹಳೇ ಹಲಗೆ. ಬುಟ್ಟಿ ಹೊತ್ತು ಅದರ ಮೇಲೆ ಆಚೆ ಈಚೆ ಓಡಾಡಬೇಕು. ನೀರು ಹಬೆಯಾಡುತ್ತಿತ್ತು.

"ಇದಾ?" ಎಂದು ಗಿರೀಶರು ಒಂದು ಕಾಲಿಟ್ಟರು. ಏನೂ ಆಗಲಿಲ್ಲ. ಎರಡನೆಯ ಕಾಲಿಟ್ಟರು. ಹಲಗೆ ಪಕ್ಕಕ್ಕೆ ವಾಲಿತು. ಮಿರುಗುವ ಬೂಟು ಜಾರಿತು. ಹೊನ್ನಕ್ಕ ಅವರ ಬೆಲ್ಟಿಗೆ ಕೈ ಹಾಕಿ, ಭತ್ತದ ಚೀಲ ಎಳೆದಂತೆ ಒಂದೇ ಹಿಡಿತಕ್ಕೆ ಈಚೆಗೆ ಎಳೆದಳು. ಗಿರೀಶರು ಅಂಗಾತ ಬಂದು ಕುಬೇರಪ್ಪನವರ ಮೇಲೆ ಬಿದ್ದರು. ಕೈಯಲ್ಲಿದ್ದ ಫೋನು ತೊಟ್ಟಿಗೆ ಹಾರಿತು, ಗುಳುಕ್ಕೆಂದಿತು, ಮುಳುಗಿತು.

ಬಾಗಿಲಿನಿಂದ, ಬರೆಯುತ್ತಲೇ ಓದಿದ ಪರಶುರಾಮನ ದನಿ ಗಂಭೀರವಾಗಿ ಕೇಳಿತು.

"ಮುನ್ನೂರು. ಕಂಪನಿ ಸಾಹೇಬ್ರು ತೊಟ್ಟಿಗೆ ಬೀಳೋದಿತ್ತು, ಬೀಳಲಿಲ್ಲ."

"ಫೋನ್ ಬಿತ್ತಲ್ಲ!" ಎಂದಳು ಮಾಬೂಬೀ. "ಎಷ್ಟರದ್ರಿ ಅದು?"

ಗಿರೀಶರು ಕುಬೇರಪ್ಪನವರ ಹೊಟ್ಟೆಯ ಮೇಲಿಂದ ಏಳುತ್ತ, "ಎಂಬತ್ತು ಸಾವಿರ" ಅಂದರು.

ಬಾಗಿಲಲ್ಲಿ ಒಂದು ದೊಡ್ಡ ನಿಟ್ಟುಸಿರು ಎದ್ದಿತು. ಎಂಬತ್ತು ಸಾವಿರಕ್ಕಿಂತ ದೊಡ್ಡ ಅಪಘಾತ ಆ ಭಟ್ಟಿಯಲ್ಲಿ ಯಾರೂ ಕಂಡವರಲ್ಲ. ಮುನ್ನೂರೂ ಆಯಿತು, ಮೇಲಿನ ಒಂದೂ ಆಯಿತು. ಮಾಬೂಬೀ ಸೆರಗು ಸೊಂಟಕ್ಕೆ ಸಿಕ್ಕಿಸಿ ಜರಡಿ ಎತ್ತಿಕೊಂಡಳು. ಒಲೆಗೆ ಹೊಟ್ಟು ಬಿತ್ತು. ಸಿದ್ದೇಶನ ಟ್ರ್ಯಾಕ್ಟರು ಹಾರನ್ನು ಹೊಡೆಯುತ್ತ ಅಂಗಳಕ್ಕೆ ನುಗ್ಗಿತು.

"ಹಂಗಲ್ಲ, ಕೇಳ್ರಿ ಇಲ್ಲಿ, ಅದು ಸರಾಸರಿ..." ಎಂದು ಕುಬೇರಪ್ಪನವರು ನೆಲದ ಮೇಲಿಂದಲೇ ಬೆರಳೆತ್ತಿದರು.

"ಸುಮ್ನಿರ್ರಿ" ಅಂದರು ಪುಷ್ಪಲತಾ. "ಕೆಲ್ಸ ಶುರುವಾತಲ್ಲ."

ಗಿರೀಶರು ಮೈ ಕೊಡವಿಕೊಂಡು, ಹೊನ್ನಕ್ಕನಿಗೆ ಕೈಮುಗಿದು, ಪರಶುರಾಮನ ಪೆನ್ನು ತೆಗೆದುಕೊಂಡು ಮುನ್ನೂರನೆಯದರ ಕೆಳಗೆ ಸಹಿ ಹಾಕಿದರು. ಆಮೇಲೆ ಪಾಲಯ್ಯನವರನ್ನು ಪಕ್ಕಕ್ಕೆ ಕರೆದರು. ಹದಿನೈದು ದಿನದೊಳಗೆ ಹಲಗೆಯ ಜಾಗದಲ್ಲಿ ಕಬ್ಬಿಣದ ಜಾಲರಿ, ಎರಡೂ ಕಡೆ ಹಿಡಿಕೆ ಆಗಬೇಕು. ಆದರೆ ಆರ್ಡರು, ಇಲ್ಲದಿದ್ದರೆ ಇಲ್ಲ. ಪಾಲಯ್ಯನವರು ಖರ್ಚಿನ ಅಂದಾಜು ಮಾಡಲು ಬಾಯಿ ತೆರೆದರು. ತೊಟ್ಟಿಯ ಪಕ್ಕ ನಿಂತಿದ್ದ ಹೊನ್ನಕ್ಕನನ್ನು ನೋಡಿ ಬಾಯಿ ಮುಚ್ಚಿಕೊಂಡರು.

"ನನಗ್ಯಾಕ ಹೇಳ್ಲಿಲ್ಲ ನೀನು?" ಎಂದು ಅವಳನ್ನು ಕೇಳಿದರು.

"ನಾಕು ವರ್ಷದಿಂದ ಹೇಳ್ತಾ ಇದೀನ್ರಿ. ಈ ಸಲ ಬರೆಸಿದೆ, ಅಷ್ಟೇ."

ಕುಬೇರಪ್ಪನವರಿಗೆ ಇದು ಕೇಳಿಸಿತು. ಬಸ್ಸಿನಲ್ಲಿ ಮನೆ ತಲುಪುವವರೆಗೂ ಅವರು ಮಾತಾಡಲಿಲ್ಲ. ಅದನ್ನು ಕಂಡು ಪುಷ್ಪಲತಾರಿಗೇ ಗಾಬರಿಯಾಗಿ, "ಎಲ್ಯಾರ ಪೆಟ್ಟು ಬಿತ್ತೇನ್ರಿ?" ಎಂದು ಎರಡು ಸಲ ಕೇಳಿದರು.

ಜಾಲರಿ ಹನ್ನೆರಡೇ ದಿನಕ್ಕೆ ಬಂತು. ಆರ್ಡರು ಸಿಕ್ಕಿತು. ಆ ಮಳೆಗಾಲ ಪಾಲಯ್ಯನವರ ಭಟ್ಟಿ ಒಂದು ದಿನವೂ ಆರಲಿಲ್ಲ. ಹನ್ನೊಂದು ಜನಕ್ಕೂ ಮೂರು ತಿಂಗಳ ಕೂಲಿ ಸಿಕ್ಕಿತು. ಗಿರೀಶರ ಫೋನು ಹೋಯಿತು, ಪುಷ್ಪಲತಾರ ಕುಕ್ಕರೂ ಹೋಯಿತು. ಬೇರೆ ಯಾವ ಭಟ್ಟಿಯವರೂ ಕುಬೇರಪ್ಪನವರನ್ನು ಪಾಠಕ್ಕೆ ಕರೆಯಲಿಲ್ಲ. ತೊಟ್ಟಿಗೆ ಯಾರೂ ಬೀಳಲಿಲ್ಲ.